ಹಜೀರಾದ ಕೆಸರಿನ ಕೆಳಗೆ

(ಹಜೀರಾದಲ್ಲಿ ನೆರೆದಿದ್ದ ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಭೂಗರ್ಭಶಾಸ್ತ್ರವೆಂದರೆ ಬೆಟ್ಟಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಅಲೆಯುವವರ ವಿದ್ಯೆ ಎಂದು ಸಾಮಾನ್ಯವಾಗಿ ತಿಳಿಯುವುದುಂಟು. ಹಾಗಿದ್ದರೆ ಹಜೀರಾದಂತಹ ಊರಿನಲ್ಲಿ ಅದರ ಮಾತೆತ್ತುವುದು ವಿಚಿತ್ರವೇ ಸರಿ. ಇಲ್ಲಿ ಬೆಟ್ಟವಿಲ್ಲ, ಗುಡ್ಡವಿಲ್ಲ. ಎಡವಿ ಬೀಳೋಣವೆಂದರೆ ಊರಿನದೇ ಆದ ಒಂದು ಕಲ್ಲೂ ಇಲ್ಲ. ಎತ್ತ ನೋಡಿದರೂ ಕೆಸರು, ಮರಳು, ಉಪ್ಪುನೀರು, ಅವುಗಳ ನಡುವೆ ನಾವು ನೀವು ದುಡಿಯುವ ಕಾರ್ಖಾನೆಗಳ ಚಿಮಣಿ. ಆದರೂ ಇದೇ ಊರನ್ನು ಹಿಡಿದುಕೊಂಡು ಭೂಮಿಯ ಹಳೆಯ ಚರಿತ್ರೆಯನ್ನೂ ಪರ್ವತಗಳು ಹುಟ್ಟಿದ ಬಗೆಯನ್ನೂ ಹೇಳಬಹುದೆಂದು ನಮಗೆ ತೋರುತ್ತದೆ. ಬೆಟ್ಟದ ಕಥೆ ಅರ್ಧ ಬೆಟ್ಟದಲ್ಲಿದ್ದರೆ ಉಳಿದರ್ಧ ಕೆಸರಿನಲ್ಲಿದೆ. ಬೆಟ್ಟ ಸವೆದದ್ದೇ ಕೆಸರು. ಕೆಸರು ಹೂತು, ಬಿಗಿದು ಕಲ್ಲಾದದ್ದೇ ಮತ್ತೊಂದು ಕಾಲಕ್ಕೆ ಬೆಟ್ಟ.

ಮೊದಲು ಕಾಲ ಕೆಳಗಿನ ಮಣ್ಣನ್ನೇ ನೋಡೋಣ. ತಾಪಿ ನದಿ ಮಧ್ಯಪ್ರದೇಶದ ಮುಲ್ತಾಯಿಯಲ್ಲಿ ಹುಟ್ಟಿ, ೭೨೪ ಕಿಲೋಮೀಟರ್ ಹರಿದು, ಇಲ್ಲಿ ಕಡಲಿಗೆ ಬೀಳುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ದಾರಿಯುದ್ದಕ್ಕೂ ಕೆರೆದ ಮಣ್ಣನ್ನು ಹೊತ್ತು ತಂದು ಇಲ್ಲಿ ಇಳಿಸುತ್ತದೆ. ಈ ಹೂಳಿನ ಶಕ್ತಿಯನ್ನು ಸೂರತ್ತಿನ ಚರಿತ್ರೆಯೇ ಬಲ್ಲದು. ಮೊಗಲರ ಕಾಲದಲ್ಲಿ ಅದು ಹಿಂದೂಸ್ಥಾನದ ಹಿರಿಯ ಬಂದರು. ಆದರೆ ನದಿಯ ಬಾಯಲ್ಲಿ ಮರಳು ತುಂಬಿದ್ದರಿಂದ ದೊಡ್ಡ ಹಡಗುಗಳು ಊರಿನವರೆಗೆ ಬರಲಾರದೆ ನಮ್ಮ ಪಕ್ಕದ ಸುವಾಲಿಯ ಬಳಿ ಲಂಗರು ಹಾಕುತ್ತಿದ್ದವು. ೧೬೧೨ರ ಕೊನೆಯಲ್ಲಿ ಇಂಗ್ಲಿಷರ ಹಡಗುಗಳು ಪೋರ್ಚುಗೀಸರನ್ನು ಎದುರಿಸಿ ನಿಂತದ್ದು ಅದೇ ಸುವಾಲಿಯ ನೀರಿನಲ್ಲಿ. ಇಂಗ್ಲಿಷರು ಈ ನಾಡಿನಲ್ಲಿ ಕಾಲೂರಿದ ಕಥೆಯಲ್ಲಿ ತಾಪಿಯ ಹೂಳಿಗೂ ಒಂದು ಪಾತ್ರವುಂಟು ಎಂದರೆ ಅತಿಶಯವಲ್ಲ.

೨೦೦೬ರ ಆಗಸ್ಟಿನ ನೆರೆಯನ್ನು ಕಂಡವರು ಈ ಸಭೆಯಲ್ಲಿ ಇದ್ದಾರೆ. ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸೂರತ್ ನಗರದ ಬಹುಭಾಗ ಮುಳುಗಿತು. ನೀರು ಇಳಿದ ಮೇಲೆ ಮನೆಯೊಳಗೆ ಉಳಿದದ್ದೇನು? ನುಣ್ಣನೆಯ ಕೆಸರಿನ ಒಂದು ಪದರ. ಗುದ್ದಲಿ ಹಿಡಿದು ಅದನ್ನು ಬಳಿದು ಹೊರಗೆ ಹಾಕಿದವರಿಗೆ ಅದೊಂದು ಪೀಡೆ. ಭೂಗರ್ಭಶಾಸ್ತ್ರಜ್ಞನಿಗೆ ಅದು ಒಂದು ಪುಟ. ಬಳಿಯುವವರಿಲ್ಲದ ಕಡೆ ಆ ಪುಟ ಹಾಗೆಯೇ ಉಳಿದಿರುತ್ತದೆ, ಅದರ ಮೇಲೆ ಮುಂದಿನ ನೆರೆಯ ಪುಟ ಬಂದು ಕೂರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ೧೬೬೯ರಲ್ಲಿ ಸ್ಟೆನೊ ಎಂಬ ವಿದ್ವಾಂಸ ಈ ಮಾತನ್ನು ಬರೆದಿಟ್ಟ. ಕಣಜದಲ್ಲಿ ಜೋಳದ ಚೀಲ ಒಟ್ಟಿದ ನಮ್ಮ ರೈತನಿಗೂ ಗೊತ್ತಿರುವ ಮಾತು ಇದು. ಆದರೆ ಇಡೀ ಶಾಸ್ತ್ರ ನಿಂತಿರುವುದು ಇದರ ಮೇಲೆಯೇ. ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಹೂಳು ಕೂತರೆ ಒಂದು ಕಿಲೋಮೀಟರ್ ದಪ್ಪವಾಗಲು ೧೦ ಲಕ್ಷ ವರ್ಷ ಬೇಕು. ಖಂಭಾತ್ ಕೊಲ್ಲಿಯ ಸುತ್ತ ತೈಲಕ್ಕಾಗಿ ಕೊರೆದವರು ಇಂತಹ ಪದರಗಳನ್ನು ಕಿಲೋಮೀಟರುಗಟ್ಟಲೆ ಕಂಡಿದ್ದಾರೆ. ಕಾಲ ಎಂಬುದು ಎಷ್ಟು ಉದ್ದವೆಂದು ಇದರಿಂದ ಊಹಿಸಬಹುದು.

ಹೂಳು ಕಡಲನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದಕ್ಕೆ ಕೊಲ್ಲಿಯ ತಲೆಯಲ್ಲಿರುವ ಲೋಥಲ್ ಇನ್ನೊಂದು ಸಾಕ್ಷಿ. ಹರಪ್ಪಾ ಕಾಲದ ಈ ಊರನ್ನು ೧೯೫೫ರಿಂದ ಅಗೆಸಿದವರು ನಮ್ಮ ಶಿವಮೊಗ್ಗೆಯ ಕಡೆಯ ಶಿಕಾರಿಪುರ ರಂಗನಾಥ ರಾಯರು, ಎಂದರೆ ಎಸ್. ಆರ್. ರಾವ್. ಅಲ್ಲಿ ಸಿಕ್ಕಿದ ಸುಮಾರು ೨೧೫ ಮೀಟರ್ ಉದ್ದದ ಇಟ್ಟಿಗೆ ಕಟ್ಟೆಯ ಕೊಳವನ್ನು ಅವರು ಹಡಗುಕಟ್ಟೆ ಎಂದರು. ಅಲ್ಲ, ಕೆರೆಯೆಂದು ವಾದಿಸುವವರೂ ಇದ್ದಾರೆ. ಅದೇನೇ ಇರಲಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕಡಲ ವ್ಯಾಪಾರ ನಡೆಸಿದ ಆ ಊರಿಗೆ ಈಗ ಕಡಲು ಕಾಣುವುದಿಲ್ಲ. ಗುಜರಾತಿನ ಮಣ್ಣನ್ನು ಅಗೆದು ಹೆಸರು ಪಡೆದವರಲ್ಲಿ ಕನ್ನಡಿಗರೊಬ್ಬರು ಇದ್ದರೆಂದು ಹೇಳಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಇನ್ನು ಈ ಹೂಳು ಎಲ್ಲಿಂದ ಬಂತು? ಸುವಾಲಿಯ ದಂಡೆಗೆ ಹೋದವರು ಅಲ್ಲಿಯ ಮರಳು ಕಪ್ಪಾಗಿರುವುದನ್ನು ಕಂಡಿರುತ್ತೀರಿ. ಮಲ್ಪೆಯ ಅಥವಾ ಕಾರವಾರದ ಬಿಳಿ ಮರಳನ್ನು ನೋಡಿ ಬೆಳೆದ ನಮ್ಮ ಕರಾವಳಿಯ ಬಂಧುಗಳಿಗೆ ಅದು ಹೊಲಸಾಗಿ ಕಂಡೀತು. ಅದು ಹೊಲಸಲ್ಲ. ಒಂದು ಅಯಸ್ಕಾಂತವನ್ನು ಆ ಮರಳಿನಲ್ಲಿ ಆಡಿಸಿ ನೋಡಿ. ಕಪ್ಪು ಕಣಗಳು ಮೀಸೆಯ ಹಾಗೆ ಅಂಟಿಕೊಂಡು ಬರುತ್ತವೆ. ಅವು ಕಬ್ಬಿಣದ ಅದಿರಿನ ಕಣಗಳು, ತಾಪಿಯ ಮೇಲ್ಗಡೆಯ ಕರಿಕಲ್ಲಿನ ಬೆಟ್ಟಗಳು ಸವೆದು ಬಂದವು. ಆ ಕರಿಕಲ್ಲನ್ನು ಶಾಸ್ತ್ರಜ್ಞರು ಬಸಾಲ್ಟ್ ಎನ್ನುತ್ತಾರೆ. ಅದರ ಪದರಗಳು ಮೆಟ್ಟಿಲಿನಂತೆ ಇರುವುದರಿಂದ, ಸ್ವೀಡನ್ ದೇಶದವರ ಭಾಷೆಯಲ್ಲಿ ಮೆಟ್ಟಿಲಿಗಿರುವ ಹೆಸರು ಹಿಡಿದು ದಖ್ಖನ್ ಟ್ರ್ಯಾಪ್ ಎಂದು ಕರೆದರು.

ಊರಿಗೆ ಹೋಗುವಾಗ ಕಲ್ಯಾಣ ದಾಟಿದ ಮೇಲೆ ಭೋರ್ ಘಾಟ್ ಏರುತ್ತೇವಷ್ಟೆ. ಆಗ ಕಿಟಕಿಯ ಹೊರಗೆ ನೋಡಬೇಕು. ಎದುರಿನ ಬೆಟ್ಟದ ಮೈಯಲ್ಲಿ ಅಡ್ಡಡ್ಡಲಾಗಿ ಗೆರೆ ಎಳೆದಂತೆ ಪದರಗಳು ಕಾಣುತ್ತವೆ. ಒಂದೊಂದು ಪದರವೂ ಒಂದೊಂದು ಸಲ ಹರಿದ ಲಾವಾರಸ. ಇವು ಚಿತ್ರದಲ್ಲಿ ನೋಡುವ ಮೊನಚು ಜ್ವಾಲಾಮುಖಿಯಿಂದ ಉಕ್ಕಿದ್ದಲ್ಲ. ನೆಲ ಉದ್ದುದ್ದ ಬಿರುಕು ಬಿಟ್ಟು ಆ ಬಿರುಕಿನಿಂದ ತೆಳ್ಳಗಿನ ಕಾದ ರಸ ಹೊಮ್ಮಿ, ಮಜ್ಜಿಗೆ ಚೆಲ್ಲಿದ ಹಾಗೆ ಸಮನಾಗಿ ಹರಡಿಕೊಂಡಿತು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಬಹುಪಾಲು ೧೦ ಲಕ್ಷ ವರ್ಷಗಳೊಳಗೇ ಇದು ನಡೆದುಹೋಯಿತು. ಈಗ ಉಳಿದಿರುವುದೇ ಸುಮಾರು ೫ ಲಕ್ಷ ಚದರ ಕಿಲೋಮೀಟರ್. ಸಹ್ಯಾದ್ರಿಯ ಕೆಲವೆಡೆ ದಪ್ಪ ೨,೦೦೦ ಮೀಟರಿಗೆ ಹತ್ತಿರ. ಇದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳಲ್ಲಿದೆ. ೧೬೫೬ರ ಗೋಲಗುಮ್ಮಟ ಕಟ್ಟಿದ ಕಲ್ಲು ಇದೇ. ಈ ಕಲ್ಲು ಕೊಳೆತು ಆದ ಮಣ್ಣೇ ನಮ್ಮ ಎರೆಭೂಮಿ. ಭರೂಚ್ ಸೂರತ್ತುಗಳ ಹತ್ತಿ ಬೆಳೆಯುವ ಕರಿಮಣ್ಣಿನ ಮೂಲವೂ ಇದೇ. ಡೋಣಿ ಹೊಳೆಯ ದಂಡೆಯ ಬಿಳಿಜೋಳ ತಿಂದು ಬೆಳೆದವನು ಹಜೀರಾಕ್ಕೆ ಬಂದು ಪರದೇಶಿಯಾದೆನೆಂದು ಮರುಗಬೇಕಾಗಿಲ್ಲ. ನೆಲ ಒಂದೇ.

ಈ ಲಾವಾದೊಳಗೆ ಒಂದು ವಿಚಿತ್ರವುಂಟು. ಉಕ್ಕಿನ ಕಾರ್ಖಾನೆಯಲ್ಲಿ ಕಿಟ್ಟ ತಣಿಯುವುದನ್ನು ನೋಡಿದವರಿಗೆ ಅದರ ಮೈ ತುಂಬ ತೂತು ಬೀಳುವುದು ಗೊತ್ತು. ಒಳಗಿನ ಅನಿಲ ಗುಳ್ಳೆಯಾಗಿ ಸಿಕ್ಕಿಕೊಂಡದ್ದು. ಲಾವಾದಲ್ಲಿಯೂ ಹೀಗೆಯೇ. ಆ ಗುಳ್ಳೆಗಳೊಳಗೆ ಸಿಲಿಕಾ ಕರಗಿದ ನೀರು ಜಿನುಗಿ, ಪೊರೆ ಪೊರೆಯಾಗಿ ಕೂತು, ಗಟ್ಟಿಯಾದ ಬಣ್ಣದ ಗೆರೆಗಲ್ಲೇ ಅಕೀಕು. ಭರೂಚಿನ ಕಡೆಯ ರತನಪುರದಲ್ಲಿ ಅದನ್ನು ಅಗೆದು ತೆಗೆದು, ಖಂಭಾತಿನಲ್ಲಿ ಸುಟ್ಟು ಕೆಂಪು ಬಣ್ಣ ಬರಿಸಿ, ಒಡೆದು, ಉಜ್ಜಿ, ಮಣಿ ಮಾಡುತ್ತಾರೆ. ಲೋಥಲ್ಲಿನ ಅಗೆತದಲ್ಲಿಯೂ ಈ ಮಣಿಗಳೂ ಮಣಿ ಮಾಡುವ ಶಾಲೆಯೂ ಸಿಕ್ಕಿವೆ. ನಾಲ್ಕು ಸಾವಿರ ವರ್ಷ ಬಾಳಿದ ಕಸಬು ಇನ್ನೆಷ್ಟು ಇದ್ದಾವು?

ಆದರೆ ಮಣಿಯ ಹೊಳಪನ್ನು ಕೊಂಡಾಡುವವರು ಅದನ್ನು ಉಜ್ಜುವವನ ಎದೆಯನ್ನು ನೋಡುವುದಿಲ್ಲ. ಅಕೀಕು ಎಂದರೆ ಸಿಲಿಕಾ. ಅದರ ನುಣ್ಣನೆಯ ಧೂಳು ಉಸಿರಿನೊಡನೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಅಲ್ಲಿಯೇ ಗಾಯ ಮಾಡಿ ಗಂಟು ಕಟ್ಟುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಹತ್ತಿದ ಮೇಲೆ ವಾಸಿ ಮಾಡುವ ಮದ್ದಿಲ್ಲ. ಕ್ಷಯ ಬೇರೆ ಬೇಗ ಅಂಟಿಕೊಳ್ಳುತ್ತದೆ. ಖಂಭಾತಿನ ಅಕೀಕು ಕೆಲಸಗಾರರಲ್ಲಿ ಈ ರೋಗವಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿ ತೋರಿಸಿಕೊಟ್ಟಿದ್ದಾರೆ. ನಮ್ಮ ಕೋಲಾರದ ಚಿನ್ನದ ಗಣಿಗಳ ಕಥೆಯೂ ಇದೇ. ಅಲ್ಲಿ ಚಿನ್ನ ಕೂತಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿ, ಬೆಣಚುಕಲ್ಲೂ ಸಿಲಿಕಾ. ೧೯೪೦ರ ದಶಕದಲ್ಲಿ ವೈದ್ಯರು ಅಲ್ಲಿಯ ಕೆಲಸಗಾರರನ್ನು ತಪಾಸಣೆ ಮಾಡಿದಾಗ ಬಹಳ ಮಂದಿಯ ಎದೆಯಲ್ಲಿ ಈ ರೋಗ ಕಂಡುಬಂತು. ಕಲ್ಲಿನ ಜಾತಿ ತಿಳಿಯುವುದು ವಿದ್ವಾಂಸರಿಗೆ ಮಾತ್ರ ಬೇಕಾದ ವಿಷಯವಲ್ಲ ಎಂದು ಹೇಳುವುದು ಇದಕ್ಕಾಗಿ. ಹಜೀರಾದಲ್ಲಿ ಕಬ್ಬಿಣದ ತುಕ್ಕು ತೆಗೆಯಲು ಮರಳು ಊದುವ ಕೆಲಸಕ್ಕೆ ಯಾರಾದರೂ ಕರೆದರೆ ಮೊದಲು ಕೇಳಬೇಕಾದ ಪ್ರಶ್ನೆ, ಊದುವುದು ಯಾವ ಮರಳು ಎಂದು. ಬೆಣಚಿನ ಬಿಳಿ ಮರಳಾದರೆ, ಹೊರಗಿನಿಂದ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡವಿಲ್ಲದೆ ಕೈ ಹಾಕಕೂಡದು. ಮೂಗಿಗೆ ಸುತ್ತಿದ ಟವೆಲ್ಲು ಆ ಧೂಳನ್ನು ತಡೆಯುವುದಿಲ್ಲ. ಸಿಲಿಕೋಸಿಸ್ ೧೯೪೮ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿದ್ದ ರೋಗ. ಕಂಡ ವೈದ್ಯ ಸರಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ ಅಂದಿನಿಂದ ಬಂದದ್ದು. ಬರಿಯ ಕೆಮ್ಮು ಎಂದು ಶೀಟಿಯಲ್ಲಿ ಬರೆಸಿಕೊಂಡು ಊರಿಗೆ ಹೋಗಿ ಸಾಯುವುದು ಯಾರಿಗೂ ಬೇಡ.

ವಿಷಯ ಬಿಟ್ಟು ದೂರ ಬಂದೆವೆಂದು ಅಧ್ಯಕ್ಷರು ನೋಡುತ್ತಿದ್ದಾರೆ. ಮರಳೋಣ.

ಲಾವಾ ಹರಿಯುವ ಮುನ್ನ ಇಲ್ಲಿ ಏನಿತ್ತು? ಬಾಲಾಸಿನೋರಿನ ಹತ್ತಿರದ ರೈಯೋಲಿ ಎಂಬ ಹಳ್ಳಿಯಲ್ಲಿ ೧೯೮೦ರ ದಶಕದ ಮೊದಲಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಡೈನೋಸಾರುಗಳ ಮೂಳೆಗಳನ್ನೂ ಮೊಟ್ಟೆಗಳನ್ನೂ ಕಂಡರು. ಮೊಟ್ಟೆಗಳು ಕಲ್ಲಾಗಿ ಗೂಡಿನಲ್ಲಿ ಇಟ್ಟಂತೆಯೇ ಇದ್ದುವು. ಅಲ್ಲಿ ಸಿಕ್ಕಿದ ಒಂದು ಮಾಂಸಾಹಾರಿಗೆ ೨೦೦೩ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ನಾಮಕರಣವಾಯಿತು. ಪ್ರಾಣಿಗಳಲ್ಲಿಯೂ ನಮ್ಮವರು ರಾಜರನ್ನೇ ಹುಡುಕಿದರು ನೋಡಿ. ಅವು ಸಿಕ್ಕಿದ ಪದರದ ಮೇಲೆ ಲಾವಾದ ಪದರವಿದೆ. ಲಾವಾದ ಮೇಲಿನ ಪದರಗಳಲ್ಲಿ ಆ ಮೃಗಗಳಿಲ್ಲ. ಅವನ್ನು ಕೊಂದದ್ದು ಮೆಕ್ಸಿಕೋದ ಬಳಿ ಬಿದ್ದ ಉಲ್ಕೆಯೆಂದು ಹೆಚ್ಚಿನವರ ಮತ. ನಮ್ಮ ದಖ್ಖನ್ ಲಾವಾದ ಹೊಗೆಯೂ ಅದಕ್ಕೆ ಕೈಸೇರಿಸಿತೆಂದು ಹೇಳುವವರೂ ಉಂಟು.

ಲಾವಾದ ಮೇಲಿನ ಪುಟವನ್ನು ಓದಲು ದೂರ ಹೋಗಬೇಕಾದ್ದಿಲ್ಲ. ಸೂರತ್ತಿನಿಂದ ಈಶಾನ್ಯಕ್ಕೆ, ನಮ್ಮ ಜಿಲ್ಲೆಯೊಳಗೇ, ವಸ್ತಾನ್ ಎಂಬಲ್ಲಿ ಕಂದು ಕಲ್ಲಿದ್ದಲಿನ ಗಣಿ ತೆಗೆದರು. ಸುಮಾರು ಐದೂಕಾಲು ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಂಚಿನ ಜೌಗುಕಾಡು. ಆ ಕಾಡಿನ ಮರಗಳು ಸುರಿಸಿದ ಅಂಟು ಗಟ್ಟಿಯಾಗಿ ಹಳದಿ ರಾಳದ ಹರಳುಗಳಾಗಿವೆ. ಅವುಗಳೊಳಗೆ ಸೊಳ್ಳೆಯಂತಹ ನೊಣ, ಜೇನು, ಇರುವೆ, ಗೆದ್ದಲು, ಕಾಲು ರೆಕ್ಕೆ ಮುರಿಯದೆ ಸಿಕ್ಕಿಕೊಂಡಿವೆ. ೨೦೧೦ರಲ್ಲಿ ಪ್ರಕಟವಾದ ವರದಿಯಲ್ಲಿ ೧೦೦ಕ್ಕೂ ಹೆಚ್ಚು ಜಾತಿಗಳ ಲೆಕ್ಕವಿದೆ. ಆ ಮರಗಳು ನಮ್ಮ ಘಟ್ಟದ ಧೂಪದ ಮರದ ಕುಲದವು. ದೇವರ ಮುಂದೆ ಧೂಪ ಹಾಕುವಾಗ ಏಳುವ ಹೊಗೆಗೆ ಇಷ್ಟು ಹಳೆಯ ವಂಶಾವಳಿಯುಂಟೆಂದು ಎಷ್ಟು ಮಂದಿಗೆ ಗೊತ್ತು? ಅದೇ ಗಣಿಯಲ್ಲಿ ಬಾವಲಿಗಳ, ಕುದುರೆ ಖಡ್ಗಮೃಗಗಳ ಪೂರ್ವಿಕರಿಗೆ ಹತ್ತಿರದ ನೆಂಟನಾದ ಪ್ರಾಣಿಯೊಂದರ ಮೂಳೆಗಳೂ ದೊರೆತವು. ೨೦೦೫ರಲ್ಲಿ ಅದಕ್ಕೆ ಖಂಭಾತಿನ ಹೆಸರನ್ನೇ ಇಟ್ಟು ಕ್ಯಾಂಬೇಥೀರಿಯಂ ಎಂದರು.

ಅದರ ಮುಂದಿನ ಕಾಲಕ್ಕೆ ಕಡಲು ಏರಿತು. ಆ ಬೆಚ್ಚನೆಯ ಕಡಲಿನಲ್ಲಿ ನುಮ್ಮುಲೈಟ್ ಎಂಬ ಜೀವಿಗಳು ಅಸಂಖ್ಯವಾಗಿ ಇದ್ದುವು. ಒಂದೇ ಕೋಶದ ಪ್ರಾಣಿ, ಆದರೆ ಚಿಪ್ಪು ನಾಣ್ಯದಂತೆ ದುಂಡಗೆ. ಹೆಸರಿನ ಅರ್ಥವೂ ಚಿಲ್ಲರೆ ಕಾಸು ಎಂದೇ. ಅವು ಸತ್ತು, ಚಿಪ್ಪುಗಳು ತಳಕ್ಕೆ ಬಿದ್ದು, ಸುಣ್ಣಕಲ್ಲಾದವು. ಭರೂಚ್ ಸೂರತ್ತುಗಳ ನಡುವೆ ಈ ಕಲ್ಲು ನೆಲದ ಮೇಲೆಯೇ ಸಿಕ್ಕುತ್ತದೆ. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲಿನಲ್ಲಿಯೂ ಇದೇ ಕಾಸುಗಳಿವೆ. ಮುಂಬಯಿಯ ಆಚೆ ಕಡಲ ತಳದಲ್ಲಿ ಅದೇ ಕಾಲದ ಸುಣ್ಣಕಲ್ಲಿನ ಸಂದುಗಳಲ್ಲಿ ಅನಿಲ ತುಂಬಿಕೊಂಡಿತ್ತು. ೧೯೫೮ರಲ್ಲಿ ಖಂಭಾತಿನ ಬಳಿಯ ಲುಣೇಜಿನಲ್ಲಿ ತೈಲ ಸಿಕ್ಕಿತು, ೧೯೬೦ರಲ್ಲಿ ಅಂಕಲೇಶ್ವರದಲ್ಲಿ, ೧೯೭೪ರಲ್ಲಿ ಕಡಲೊಳಗಿನ ಬಾಂಬೆ ಹೈಯಲ್ಲಿ. ೧೯೭೬ರಲ್ಲಿ ದಕ್ಷಿಣ ಬಸ್ಸೇನಿನ ಅನಿಲ. ಆ ಅನಿಲವನ್ನು ೨೦೦ ಕಿಲೋಮೀಟರಿಗೂ ಮಿಕ್ಕ ಕೊಳವೆಯಲ್ಲಿ ಕಡಲಡಿಯಿಂದ ತಂದು ಏರಿಸಿದ್ದು ಹಜೀರಾದ ದಂಡೆಗೆ. ಇಲ್ಲಿ ಅದರ ಗಂಧಕದ ಕೊಳೆ ತೆಗೆದು, ಉತ್ತರಕ್ಕೆ ಜಗದೀಶಪುರದವರೆಗೆ ಕೊಳವೆ ಹಾಕಿದರು; ಗೊಬ್ಬರ, ಉಕ್ಕು, ವಿದ್ಯುತ್ತು ಎಲ್ಲವೂ ಅದರ ಬೆನ್ನ ಹಿಂದೆ ಬಂದುವು. ಅನ್ನ ಹುಡುಕಿಕೊಂಡು ನಾವು ಹಜೀರಾಕ್ಕೆ ಬಂದುದರ ಕಾರಣ ಹಿಡಿದು ಹೋದರೆ ಕೊನೆಗೆ ಸಿಕ್ಕುವುದು ಸತ್ತ ಕಡಲಜೀವಿಗಳೇ. ನಾಲ್ಕೈದು ಕೋಟಿ ವರ್ಷದ ಆ ಗಂಟನ್ನು ಒಂದೆರಡು ತಲೆಮಾರಿನಲ್ಲಿ ಉರಿಸುತ್ತಿದ್ದೇವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಕೋಟಿ ಕೋಟಿ ಎನ್ನುತ್ತೀರಿ, ಎಣಿಸಿದವರಾರು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾರ್ಖಾನೆಯ ಬಾಗಿಲಲ್ಲಿ ಹಾಜರಿಯ ಯಂತ್ರಕ್ಕೆ ಕಾರ್ಡು ಒತ್ತುತ್ತೇವಲ್ಲ, ಹಾಗೆ ಕಲ್ಲೂ ತಾನು ಗಟ್ಟಿಯಾದ ಗಳಿಗೆಯನ್ನು ಒತ್ತಿಕೊಳ್ಳುತ್ತದೆ. ಕಲ್ಲಿನಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಬಗೆಯದು ತಾನಾಗಿ ಒಡೆದು ಆರ್ಗಾನ್ ಎಂಬ ಅನಿಲವಾಗುತ್ತಿರುತ್ತದೆ; ಇದ್ದುದರಲ್ಲಿ ಅರ್ಧ ಒಡೆಯಲು ೧೨೫ ಕೋಟಿ ವರ್ಷ ಬೇಕು. ಈ ವೇಗ ಬಿಸಿಗೂ ಒತ್ತಡಕ್ಕೂ ಜಗ್ಗುವುದಿಲ್ಲ. ಲಾವಾ ಕರಗಿ ಹರಿಯುವಾಗ ಒಳಗಿದ್ದ ಆರ್ಗಾನ್ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಅಳೆದರೆ ಎಷ್ಟು ಹೊತ್ತಿನಿಂದ ಪಾಳಿ ನಡೆದಿದೆಯೆಂದು ಗೊತ್ತಾಯಿತು. ಯುರೇನಿಯಂ ಸೀಸವಾಗುವುದನ್ನು ಹಿಡಿದು ಇನ್ನೂ ಹಳೆಯದನ್ನು ಅಳೆಯಬಹುದು. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷವೆಂದೂ, ಬೆಂಗಳೂರಿನ ಲಾಲಬಾಗಿನ ಬಂಡೆಗೆ ಸುಮಾರು ೩೦೦ ಕೋಟಿಯೆಂದೂ ಹೇಳುವುದು ಇಂತಹ ಅಳತೆಗಳ ಮೇಲೆ.

ಪರ್ವತಗಳ ಮಾತಿಗೆ ಬರೋಣ. ಎಲ್ಲ ಪರ್ವತಗಳೂ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ. ಸಹ್ಯಾದ್ರಿಯ ಪದರಗಳು ಮಟ್ಟಸವಾಗಿವೆ ಎಂದೆವು. ಯಾವುದೂ ಅದನ್ನು ಮಡಿಸಿಲ್ಲ. ಪಶ್ಚಿಮದಲ್ಲಿ ನೆಲ ಬಿರಿದು ಸೆಶೆಲ್ಸ್ ದ್ವೀಪಗಳ ತುಂಡು ಕಳಚಿಹೋದಾಗ ಉಳಿದ ಪ್ರಸ್ಥಭೂಮಿಯ ಅಂಚೇ ಮಳೆಯಲ್ಲಿ ಕೊರೆದು ಘಟ್ಟವಾಯಿತು. ಅದಕ್ಕೂ ಹಿಂದೆ, ಸುಮಾರು ೮ ಕೋಟಿ ೮೦ ಲಕ್ಷ ವರ್ಷದ ಕೆಳಗೆ, ಮಡಗಾಸ್ಕರ್ ಬೇರೆಯಾದ ಕಾಲದ ಗುರುತು ಮಲ್ಪೆಯ ಆಚೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು. ಕೃಷ್ಣೆ ಗೋದಾವರಿಗಳು ಮೂಡಣಕ್ಕೆ ಹರಿಯುವಾಗ ತಾಪಿ ನರ್ಮದೆಗಳು ಪಡುವಣಕ್ಕೇಕೆ ಬಂದುವು? ನೆಲ ಸೀಳಿ ಕುಸಿದ ಕಾಲುವೆಯಲ್ಲಿ ಅವು ಹರಿಯುತ್ತವೆ, ಅಷ್ಟೆ.

ಹಿಮಾಲಯದ ಕಥೆ ಬೇರೆ. ಎವರೆಸ್ಟಿನ ತುದಿಯ ಕಲ್ಲು ಕಡಲತಳದ ಸುಣ್ಣಕಲ್ಲು. ಅದರಲ್ಲಿ ಸುಮಾರು ೪೫ ಕೋಟಿ ವರ್ಷದ ಹಿಂದಿನ ಕಡಲಜೀವಿಗಳ ತುಣುಕುಗಳಿವೆ. ಅಷ್ಟು ಎತ್ತರಕ್ಕೆ ನಾವು ಹೋಗಬೇಕಾಗಿಲ್ಲ, ಮನೆಯ ದೇವರ ಪೆಟ್ಟಿಗೆ ತೆರೆದರೆ ಸಾಕು. ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದೊಳಗಿನ ಚಕ್ರವು ಅಮ್ಮೊನೈಟ್ ಎಂಬ ಕಡಲಪ್ರಾಣಿಯ ಚಿಪ್ಪಿನ ಅಚ್ಚು. ಅದೇ ಕುಲದ ಚಿಪ್ಪುಗಳು ಕಚ್ಛದ ಕಲ್ಲುಗಳಲ್ಲಿ ರಾಶಿ ರಾಶಿಯಾಗಿವೆ. ಪೂಜೆ ಮಾಡುವವರು ಮಾಡಲಿ, ಅದು ಬೇರೆ ಮಾತು. ಹಿಮಾಲಯವಿರುವ ಕಡೆ ಕಡಲಿತ್ತೆಂಬ ಸಾಕ್ಷಿಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಜೋಪಾನ ಮಾಡಿದ್ದಾರೆ ಎಂಬುದಂತೂ ನಿಜ.

ಕಡಲತಳ ಮೇಲೇರಿದ್ದು ಹೇಗೆ? ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದುವು. ಆ ಕೂಡುನೆಲಕ್ಕೆ ಗೊಂಡ್ವಾನ ಎಂದು ಹೆಸರು. ನಮ್ಮ ನರ್ಮದೆಯ ಕಡೆಯ ಗೊಂಡರ ನಾಡಿನ ಹೆಸರು ಜಗತ್ತಿನ ಪುಸ್ತಕಗಳನ್ನೆಲ್ಲ ಹೊಕ್ಕಿದೆ. ೧೯೧೨ರಲ್ಲಿ ಜರ್ಮನಿಯ ವೆಗೆನರ್ ಖಂಡಗಳು ಚಲಿಸುತ್ತವೆಂದಾ‌ಗ ಹಲವರು ನಕ್ಕರು. ೧೯೬೦ರ ದಶಕದಲ್ಲಿ ಕಡಲತಳವನ್ನು ಅಳೆದ ಮೇಲೆ ನಗು ನಿಂತಿತು. ಭಾರತದ ತುಂಡು ಬೇರೆಯಾಗಿ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಯಾವಾಗ? ಇಲ್ಲಿಯೇ ನಮ್ಮ ಚಿಲ್ಲರೆ ಕಾಸು ಮತ್ತೆ ಕೆಲಸಕ್ಕೆ ಬರುವುದು. ಹಿಮಾಲಯದ ಕಡಲಕಲ್ಲುಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಂದರೆ ಕಟ್ಟಕಡೆಯ ಪದರಗಳಲ್ಲಿ ನುಮ್ಮುಲೈಟುಗಳಿವೆ. ಅಲ್ಲಿಂದ ಮೇಲೆ ಕಡಲಿನ ಗುರುತಿಲ್ಲ, ಹೊಳೆಯ ಮಣ್ಣು ಮಾತ್ರ. ಆದುದರಿಂದ ಸುಮಾರು ೫ ಕೋಟಿ ವರ್ಷದ ಆಸುಪಾಸಿನಲ್ಲಿ ನಡುವಿನ ಕಡಲು ಮುಚ್ಚಿಹೋಯಿತು. ವಸ್ತಾನಿನ ರಾಳದೊಳಗಿನ ಹುಳುಗಳಿಗೆ ಏಷ್ಯಾ ಯುರೋಪುಗಳಲ್ಲಿ ನೆಂಟರಿರುವುದನ್ನು ಕಂಡು, ಅಷ್ಟರಲ್ಲೇ ಭಾರತಕ್ಕೆ ಹೋಗಿಬರುವ ದಾರಿ ಆಗಿತ್ತೆಂದು ವಿದ್ವಾಂಸರು ವಾದಿಸುತ್ತಾರೆ.

ಕಲ್ಲು ಮಡಿಕೆಯಾಗುವುದು ಹೇಗೆಂದು ಉಕ್ಕಿನ ಕೆಲಸದವರಿಗೆ ಹೇಳಬೇಕಾದುದಿಲ್ಲ. ತಣ್ಣನೆಯ ಬೀಡು ಕಬ್ಬಿಣಕ್ಕೆ ಏಟು ಕೊಟ್ಟರೆ ಒಡೆಯುತ್ತದೆ. ಕೆಂಪಗೆ ಕಾದ ಸ್ಲ್ಯಾಬು ರೋಲಿಂಗ್ ಮಿಲ್ಲಿನಲ್ಲಿ ರೊಟ್ಟಿಯಂತೆ ಹರಡುತ್ತದೆ. ನೆಲದ ಆಳದಲ್ಲಿ ಬಿಸಿಯುಂಟು, ಒತ್ತಡವುಂಟು, ಅವಸರವಿಲ್ಲ. ಮೂರು ಕಿಲೋಮೀಟರಿಗೂ ಆಳವಿದ್ದ ಕೋಲಾರದ ಗಣಿಯಲ್ಲಿ ಇಳಿದವರು ಬಂಡೆಯ ಕಾವನ್ನು ಬಲ್ಲರು. ಅದರ ಹತ್ತು ಪಟ್ಟು ಆಳದಲ್ಲಿ ಕಲ್ಲು ಮುರಿಯುವ ಬದಲು ಬಾಗುವುದರಲ್ಲಿ ಆಶ್ಚರ್ಯವೇನಿದೆ?

ಪರ್ವತಕ್ಕೆ ಬೇರಿದೆ ಎಂದು ಕಂಡುಕೊಂಡದ್ದು ಗೌಂಡಿಗಳ ಉಪಕರಣದಿಂದ. ಗೋಡೆಯ ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡು ಯಾವಾಗಲೂ ನೆಟ್ಟಗೆ ಕೆಳಗೆ ತೋರಿಸುತ್ತದೆಂದು ನಂಬುತ್ತೇವೆ. ದೊಡ್ಡ ಪರ್ವತದ ಬಳಿ ಅದು ಕೂದಲೆಳೆಯಷ್ಟು ಪರ್ವತದ ಕಡೆಗೆ ವಾಲುತ್ತದೆ, ಪರ್ವತ ಅದನ್ನು ಸೆಳೆಯುವುದರಿಂದ. ಹತ್ತೊಂಬತ್ತನೆಯ ಶತಮಾನದ ಮಹಾ ಭೂಮಾಪನದಲ್ಲಿ ದೆಹಲಿಯ ಉತ್ತರದ ಕಲಿಯಾನಾಕ್ಕೂ ಮಧ್ಯಭಾರತದ ಕಲಿಯಾನಪುರಕ್ಕೂ ಲೆಕ್ಕ ತಾಳೆಯಾಗಲಿಲ್ಲ; ೫ ವಿಕಲೆಗಳಷ್ಟು ವ್ಯತ್ಯಾಸ ಬಂತು. ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಹಿಮಾಲಯದ ಸೆಳೆತವನ್ನು ಲೆಕ್ಕ ಹಾಕಿದಾಗ ಮತ್ತೂ ವಿಚಿತ್ರ: ವ್ಯತ್ಯಾಸ ೧೫ ವಿಕಲೆಗೂ ಮೀರಬೇಕಿತ್ತು! ಇಷ್ಟು ದೊಡ್ಡ ಪರ್ವತ ಇಷ್ಟು ಕಡಮೆ ಸೆಳೆಯುವುದೇಕೆ? ೧೮೫೫ರಲ್ಲಿ ಏರಿ ಎಂಬ ಖಗೋಳಜ್ಞ ಉತ್ತರ ಕೊಟ್ಟ: ಪರ್ವತ ನೆಲದ ಮೇಲೆ ಇಟ್ಟ ಗುಡ್ಡೆಯಲ್ಲ, ಹಗುರಾದ ಕಲ್ಲಿನ ಬೇರು ಕೆಳಗೆ ಭಾರವಾದ ಪದಾರ್ಥದೊಳಗೆ ಇಳಿದಿದೆ. ನಮ್ಮ ಬಂದರಿನಲ್ಲಿ ಸರಕು ತುಂಬಿದ ಹಡಗು ಆಳಕ್ಕೆ ಕೂರುತ್ತದೆ, ಸರಕು ಇಳಿಸಿದಂತೆ ಮೇಲೇಳುತ್ತದೆ. ಪರ್ವತವೂ ಹಾಗೆಯೇ, ಮಳೆ ಹೊಳೆಗಳು ಮೇಲಿನ ಭಾರ ಇಳಿಸಿದಂತೆ ಕೆಳಗಿನಿಂದ ಏರುತ್ತದೆ. ಬಹಳ ಕಾಲ ಹೀಗೆ ಏರಿ ಸವೆದು ಕೊನೆಗೆ ಬೇರು ಮಾತ್ರ ಉಳಿಯುತ್ತದೆ. ನಮ್ಮ ಧಾರವಾಡ, ಚಿತ್ರದುರ್ಗ, ಕೋಲಾರಗಳ ಮಡಿಕೆಗಲ್ಲುಗಳು ೨೫೦ ಕೋಟಿ ವರ್ಷಕ್ಕೂ ಹಿಂದಿನ ಪರ್ವತಗಳ ಅಂತಹ ಬೇರುಗಳು.

ಡಿಕ್ಕಿ ಇನ್ನೂ ಮುಗಿದಿಲ್ಲ. ಭಾರತ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್, ಎಂದರೆ ಒಂದು ಹೆಬ್ಬೆರಳಿನಷ್ಟು, ಉತ್ತರಕ್ಕೆ ಒತ್ತುತ್ತಲೇ ಇದೆ. ಆ ಒತ್ತಡ ಹಳೆಯ ಸೀಳುಗಳಿರುವ ಕಡೆ ಕೆಲವೊಮ್ಮೆ ಸಿಡಿಯುತ್ತದೆ. ೧೮೧೯ರ ಜೂನ್ ೧೬ರಂದು ಕಚ್ಛದ ರಣದಲ್ಲಿ ಭೂಮಿ ನಡುಗಿ ೮೦ ಕಿಲೋಮೀಟರ್ ಉದ್ದದ ಒಂದು ದಿಬ್ಬ ಮೇಲೆದ್ದಿತು. ಕೆಲವೆಡೆ ಎತ್ತರ ಆರು ಮೀಟರಿನಷ್ಟು. ಮನುಷ್ಯರು ಕಟ್ಟಿದ್ದಲ್ಲವೆಂದು ಜನ ಅದನ್ನು ಅಲ್ಲಾ ಬಂದ್ ಎಂದು ಕರೆದರು. ಬೆಟ್ಟ ಹುಟ್ಟುವ ಮೊದಲ ಹೆಜ್ಜೆಯನ್ನು ಕಣ್ಣಾರೆ ಕಂಡಂತಾಯಿತು. ಇಂಗ್ಲೆಂಡಿನ ಲಯಲ್ ಅದನ್ನು ತನ್ನ ಹೆಸರಾಂತ ಗ್ರಂಥದಲ್ಲಿ ಉದಾಹರಿಸಿದ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಬೀದರ ಕಲಬುರಗಿಗಳಿಗೆ ನೆರೆಯ ಕಿಲ್ಲಾರಿಯಲ್ಲಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಮಣ್ಣುಮಾಳಿಗೆಗಳೂ ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜನ ಸತ್ತರು. ಅಂತಹ ಮಾಳಿಗೆಮನೆಗಳು ನಮ್ಮಲ್ಲಿ ಎಷ್ಟೋ ಮಂದಿಗೆ ಊರಿನಲ್ಲಿ ಇವೆ.

೨೦೦೧ರ ಜನವರಿ ೨೬ರ ಬೆಳಿಗ್ಗೆ ಕಚ್ಛದಲ್ಲಿ ಆದದ್ದು ೭.೭ ಪ್ರಮಾಣದ ಕಂಪ. ಸತ್ತವರು ೧೩,೦೦೦ಕ್ಕೂ ಹೆಚ್ಚೆಂದು ಸರಕಾರದ ಲೆಕ್ಕ. ಆದರೆ ೨೦೦ ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಏಕೆ ಬಿದ್ದುವು? ಎರಡು ಕಾರಣ. ಒಂದು, ಅವು ನಿಂತಿದ್ದುದು ಸಾಬರಮತಿಯ ಮೆಕ್ಕಲುಮಣ್ಣಿನ ಮೇಲೆ. ಮೆತ್ತನೆಯ ಮಣ್ಣು ಅಲೆಯನ್ನು ದೊಡ್ಡದು ಮಾಡುತ್ತದೆ. ಇನ್ನೊಂದು, ಗಾಡಿ ನಿಲ್ಲಿಸಲೆಂದು ಕೆಳಅಂತಸ್ತಿಗೆ ಗೋಡೆಯೇ ಇಲ್ಲದೆ ಬರಿಯ ಕಂಬಗಳ ಮೇಲೆ ನಾಲ್ಕು ಅಂತಸ್ತು ಕೂರಿಸಿದ್ದರು. ಮೇಲೆ ಬಿಗಿ, ಕೆಳಗೆ ಸಡಿಲ. ಕಾಲು ಮಡಚಿದ ಒಂಟೆಯಂತೆ ಕುಳಿತುಬಿಟ್ಟವು.

ಹಜೀರಾದ, ಸೂರತ್ತಿನ ನೆಲ ಯಾವುದೆಂದು ಇಷ್ಟು ಹೊತ್ತು ಹೇಳಿದ್ದೇವೆ. ಬಾಡಿಗೆಯ ಮನೆ ಹಿಡಿಯುವಾಗ ನೀರು, ಸಂಡಾಸು, ಪಗಡಿ ಇವನ್ನೆಲ್ಲ ವಿಚಾರಿಸುತ್ತೇವೆ. ಜೊತೆಗೆ ಕೆಳಗಿನ ಕಂಬಗಳನ್ನು ಒಮ್ಮೆ ನೋಡಿ. ಕಂಬಗಳ ನಡುವೆ ಗೋಡೆ ಇದೆಯೇ, ಕಡಲಗಾಳಿಗೆ ಸಿಮೆಂಟು ಉದುರಿ ಒಳಗಿನ ಸರಳು ತುಕ್ಕು ಹಿಡಿದಿದೆಯೇ, ಮೂರಕ್ಕೆ ಕಟ್ಟಿದ ಅಡಿಪಾಯದ ಮೇಲೆ ಐದನೆಯ ಅಂತಸ್ತು ಏರಿದೆಯೇ? ನಮ್ಮಲ್ಲಿ ಗೌಂಡಿಗಳಿದ್ದಾರೆ, ಬಾರ್‌ಬೆಂಡರುಗಳಿದ್ದಾರೆ. ಅವರಿಗೆ ಇದು ನೋಡಿದೊಡನೆ ತಿಳಿಯುವ ವಿಷಯ. ಹೊಸದಾಗಿ ಊರಿನಿಂದ ಬಂದ ಹುಡುಗರಿಗೆ ಕೋಣೆ ಹುಡುಕಿಕೊಡುವಾಗ ಅವರಲ್ಲೊಬ್ಬರು ಜೊತೆಗೆ ಹೋಗುವ ಏರ್ಪಾಡನ್ನು ಸಂಘ ಮಾಡಬಹುದೇ ಎಂದು ಅಧ್ಯಕ್ಷರನ್ನು ಕೇಳುತ್ತೇವೆ. ಉಳಿದ ಸಂದೇಹಗಳನ್ನು ಈಗ ನೀವು ಕೇಳಿರಿ.